ಎಕ್ಸೀಡ್

ಎಕ್ಸೀಡ್ ಇಂಗ್ಲಿಷಿನ ಒಂದು ಕ್ರಿಯಾಪದ. ಗೊತ್ತುಪಡಿಸಿದ ಮಿತಿ, ಮೊತ್ತ, ಅಧಿಕಾರ ಅಥವಾ ನಿರೀಕ್ಷೆಯನ್ನು ಮೀರು ಎಂದು ಅರ್ಥ. ‘ಹೊರಗೆ ಹೋಗು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿ, ಫ್ರೆಂಚಿನ ಮೂಲಕ 14ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಪ್ರೊಸೀಡ್, ಸಕ್ಸೀಡ್‌ಗಳೂ ಅದೇ ಧಾತುವಿನವು. ಸಿಇಇಡಿ ಎಂದು ಮುಗಿಯುವ ಬಳಕೆಯ ಕ್ರಿಯಾಪದಗಳು ಈ ಮೂರೇ.

ಇದೇ ಬಳಗದ ಎಕ್ಸೆಸಿವ್ ಎಂಬ ವಿಶೇಷಣದಲ್ಲಿ ‘ಅತಿಯಾಯಿತು’ ಎಂಬ ಆಕ್ಷೇಪ ಸೇರಿಕೊಂಡಿರುತ್ತದೆ. ಕ್ರಿಯಾಪದಕ್ಕೆ ಆ ಹಂಗಿಲ್ಲ. ಮಾರಾಟ ಗುರಿಯನ್ನು ಮೀರಿದರೆ ಬೋನಸ್, ಗಾಡಿ ವೇಗದ ಮಿತಿಯನ್ನು ಮೀರಿದರೆ ದಂಡ. ಎರಡಕ್ಕೂ ಪದ ಒಂದೇ. ಇಂದಿನ ಬಳಕೆಯಲ್ಲಿ ಇದು ಬಹುಪಾಲು ಸಕರ್ಮಕ. ಕನ್ನಡದ ‘ಮೀರು’ವಿನಂತೆ ನೇರವಾಗಿ ಕರ್ಮವನ್ನು ಹಿಡಿಯುತ್ತದೆ, ನಡುವೆ ‘ದ್ಯಾನ್’ ಆಗಲಿ ‘ಓವರ್’ ಆಗಲಿ ಬೇಕಿಲ್ಲ. ಹಿಂದೆ ಅಕರ್ಮಕವಾಗಿಯೂ ನಡೆಯುತ್ತಿತ್ತು: ಷೇಕ್ಸ್‌ಪಿಯರ್‌ನ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದಲ್ಲಿ ಮಿಲಾನ್ ಡಚೆಸ್‌ಳ ಉಡುಪಿನ ಮಾತು ಬಂದಾಗ, ಅದು ಎಲ್ಲವನ್ನೂ ಮೀರಿಸಿದ್ದು ಎಂದು ಹೊಗಳಲು ಹೀರೋ ಎಂಬ ಹೆಸರಿನ ಮದುಮಗಳು ಈ ಕ್ರಿಯಾಪದವೊಂದನ್ನೇ ಬಳಸುತ್ತಾಳೆ.

ಪದದ ನಿಜವಾದ ಬಿಗಿ ಕಾಣುವುದು ಕಾನೂನಿನಲ್ಲಿ. ಮಿತಿಯನ್ನು ಮುಟ್ಟಿದರೆ ಮೀರಿದಂತಲ್ಲ. ಭಾರತದ ಮೋಟಾರು ವಾಹನಗಳ ಕಾಯ್ದೆಯ 185ನೆಯ ಕಲಮು ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ‘ಮೀರಿದರೆ’ ಅಪರಾಧ ಎನ್ನುತ್ತದೆ. ಸರಿಯಾಗಿ 30 ಇದ್ದರೆ ಅದರ ಹಿಡಿತಕ್ಕೆ ಸಿಗದು. ಸಂವಿಧಾನದ 276ನೆಯ ವಿಧಿ ವೃತ್ತಿ ತೆರಿಗೆ ಒಬ್ಬರಿಗೆ ವರ್ಷಕ್ಕೆ 2,500 ರೂಪಾಯಿಯನ್ನು ‘ಮೀರತಕ್ಕದ್ದಲ್ಲ’ ಎನ್ನುವಾಗಲೂ ಪೂರ್ತಿ 2,500 ವಸೂಲಿಗೆ ಅಡ್ಡಿಯಿಲ್ಲ.

ಮಿತಿ ಪೂರ್ಣಾಂಕವಲ್ಲದಿದ್ದಾಗ ಮಾತ್ರ ಫಜೀತಿ. 2003ರ 91ನೆಯ ತಿದ್ದುಪಡಿಯ ಪ್ರಕಾರ ರಾಜ್ಯವೊಂದರ ಸಚಿವರ ಸಂಖ್ಯೆ, ಮುಖ್ಯಮಂತ್ರಿಯೂ ಸೇರಿ, ವಿಧಾನಸಭೆಯ ಒಟ್ಟು ಸದಸ್ಯರ ಶೇ. 15ನ್ನು ಎಕ್ಸೀಡ್ ಮಾಡುವಂತಿಲ್ಲ. ಕರ್ನಾಟಕದ 224 ಸದಸ್ಯರಿಗೆ ಲೆಕ್ಕ ಹಾಕಿದರೆ 33.6 ಬರುತ್ತದೆ. ನಿಘಂಟನ್ನು ನಂಬಿದರೆ 33ಕ್ಕೆ ನಿಲ್ಲಬೇಕು. ರೂಢಿಯಲ್ಲಿ ಅದನ್ನು 34 ಎಂದು ಎಣಿಸುತ್ತಾರೆ. 2023ರ ಮೇ ತಿಂಗಳಲ್ಲಿ ಸಂಪುಟ ವಿಸ್ತರಣೆಯಾದಾಗ ಅಷ್ಟೂ ಸ್ಥಾನಗಳು ಭರ್ತಿಯಾದವು.