ಕೊಲ್ಲಿಯಲ್ಲಿ ರೂಪಾಯಿಯ ಆಳ್ವಿಕೆ

ದೋಹಾದ ಬಿನ್ ಒಮ್ರಾನ್ ಬಡಾವಣೆಯಲ್ಲಿ ನೆಲೆಸಿದ ಮಂಗಳೂರು, ಭಟ್ಕಳದ ಮಂದಿ ಸಂಬಳ ಬಂದೊಡನೆ ಕೇಳುವುದು ರೂಪಾಯಿಯ ರೇಟು ಎಷ್ಟೆಂದು. ಅಜ್ಜಂದಿರ ಕಾಲದಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಕತಾರ್ ನಾಡನ್ನು ಅಲ್ ಥಾನಿ ಮನೆತನ ಆಳುತ್ತಿತ್ತು. ಅಲ್ಲಿನ ಪೇಟೆಯನ್ನು ಆಳುತ್ತಿದ್ದುದು ಹಿಂದೂಸ್ಥಾನದ ರೂಪಾಯಿ. ಮುತ್ತಿನ ವ್ಯಾಪಾರಕ್ಕೂ ಎಣ್ಣೆ ಬಾವಿಗಳ ಕೂಲಿಗೂ ಅದೇ ನಾಣ್ಯ. 1950ರಲ್ಲಿ ದೋಹಾಕ್ಕೆ ಬಂದ ಮೊದಲ ಬ್ಯಾಂಕಾದ ಈಸ್ಟರ್ನ್ ಬ್ಯಾಂಕಿನ ಲೆಕ್ಕದ ಪುಸ್ತಕವೂ ರೂಪಾಯಿಯದೇ.

ಈ ಸಾಮ್ರಾಜ್ಯಕ್ಕೆ ಗೆದ್ದಲು ಹಿಡಿಸಿದ್ದು ಬಂಗಾರ. ಕೊಲ್ಲಿಯಿಂದ ದೋಣಿಗಳಲ್ಲಿ ಭಾರತದ ಕರಾವಳಿಗೆ ಕದ್ದು ಬಂದ ಚಿನ್ನ ಇಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿತ್ತು. ಸಿಕ್ಕ ರೂಪಾಯಿಯ ಕಟ್ಟುಗಳು ಬಂದ ದಾರಿಯಲ್ಲೇ ಮರಳುತ್ತಿದ್ದವು. ಅಲ್ಲಿನ ಬ್ಯಾಂಕುಗಳು ಆ ನೋಟುಗಳನ್ನು ರಿಸರ್ವ್ ಬ್ಯಾಂಕಿಗೆ ಒಪ್ಪಿಸಿ ಸ್ಟರ್ಲಿಂಗ್ ಪಡೆಯುತ್ತಿದ್ದವು. ವಿದೇಶಿ ವಿನಿಮಯಕ್ಕೆ ಭಾರತ ಪರದಾಡುತ್ತಿದ್ದ ಆ ದಿನಗಳಲ್ಲಿ ಕಳ್ಳಸಾಗಣೆಯ ಖರ್ಚನ್ನು ನಮ್ಮ ಬೊಕ್ಕಸವೇ ಹೊತ್ತಂತಾಯಿತು!

1959ರಲ್ಲಿ ದೆಹಲಿ ಒಂದು ಉಪಾಯ ಹೂಡಿತು. ಕೊಲ್ಲಿಗೆಂದೇ ಬೇರೆ ನೋಟುಗಳನ್ನು ಅಚ್ಚು ಹಾಕಿಸಿತು. ವಿನ್ಯಾಸ ಹಳೆಯದೇ, ಬಣ್ಣ ಬೇರೆ: ನೂರರ ನೋಟು ಹಸಿರು, ಹತ್ತರದು ಕೆಂಪು, ಕ್ರಮಸಂಖ್ಯೆಯ ಹಿಂದೆ ‘ಝಡ್’ ಅಕ್ಷರ. ಭಾರತದೊಳಗೆ ಈ ನೋಟುಗಳು ನಡೆಯುವಂತಿರಲಿಲ್ಲ. ಉಪಾಯ ಜಾಣತನದ್ದೇ. ಆದರೆ ನೋಟಿನ ಬಣ್ಣ ಬದಲಾಯಿತೇ ಹೊರತು ಅದರ ಬೆಲೆಯನ್ನು ಗೊತ್ತುಮಾಡುವ ಅಧಿಕಾರ ದೆಹಲಿಯಲ್ಲೇ ಉಳಿಯಿತು.

ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ಸ್ವಂತ ದಿನಾರಿಗೆ ತಿರುಗಿದವು. 1966ರ ಮಾರ್ಚ್ 21ರಂದು ಕತಾರ್ ಮತ್ತು ದುಬೈ ಜಂಟಿ ನಾಣ್ಯಕ್ಕೆ ಒಪ್ಪಂದ ಮಾಡಿಕೊಂಡವು. ಹೊಸ ನೋಟು ಕೈಗೆ ಬರುವ ಮುನ್ನವೇ, ಜೂನ್ 6ರಂದು, ಇಂದಿರಾ ಗಾಂಧಿಯವರ ಸರ್ಕಾರ ರೂಪಾಯಿಯ ಅಪಮೌಲ್ಯ ಮಾಡಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ದೋಹಾದ ವರ್ತಕನ ತಿಜೋರಿಯಲ್ಲಿದ್ದ ಹಣ, ಅವನು ಕಂಡೂ ಕೇಳರಿಯದ ಬಜೆಟ್ಟಿನ ಸಂಕಟಕ್ಕಾಗಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕರಗಿತು. ಅರಸರು ತಡಮಾಡಲಿಲ್ಲ. ಸೌದಿ ರಿಯಾಲನ್ನು ಕೆಲಕಾಲಕ್ಕೆ ಎರವಲು ತಂದು ಚಲಾವಣೆಗೆ ಬಿಟ್ಟರು. ಸೆಪ್ಟೆಂಬರಿನಲ್ಲಿ ಬಂದ ಕತಾರ್-ದುಬೈ ರಿಯಾಲಿಗೆ ಅಪಮೌಲ್ಯಕ್ಕೆ ಮುಂಚಿನ ರೂಪಾಯಿಯ ಬೆಲೆಯನ್ನೇ ಕಟ್ಟಿದರು. ಕತಾರಿನ ಹಣಕಾಸಿನ ಚರಿತ್ರೆಯಲ್ಲಿ ಅದಕ್ಕಿಂತ ದಿಟ್ಟ ನಿರ್ಧಾರ ನನಗೆ ಕಾಣದು.

ಮುಂದಿನದನ್ನು ಚುಟುಕಾಗಿ ಹೇಳಬಹುದು. ದುಬೈ ಸಂಯುಕ್ತ ಅರಬ್ ಎಮಿರೇಟ್ಸ್ ಸೇರಿದ ಮೇಲೆ, 1973ರಲ್ಲಿ ಕತಾರ್ ತನ್ನದೇ ರಿಯಾಲ್ ಹೊರಡಿಸಿತು. 1993ರಲ್ಲಿ ಕೇಂದ್ರ ಬ್ಯಾಂಕ್ ಸ್ಥಾಪಿಸಿತು. ಡಾಲರಿಗೆ 3.64 ರಿಯಾಲ್ ಎಂಬ ದರವನ್ನು 2001ರ ಅಮೀರಿ ಆಜ್ಞೆ ಗಟ್ಟಿ ಮಾಡಿತು. 2009ರ ಜಾಗತಿಕ ಮುಗ್ಗಟ್ಟಿನಲ್ಲಿ ಬ್ಯಾಂಕುಗಳ ಕೈಯಲ್ಲಿದ್ದ ಷೇರುಗಳನ್ನೂ ರಿಯಲ್ ಎಸ್ಟೇಟ್ ಸಾಲಗಳನ್ನೂ ಸರ್ಕಾರವೇ ಕೊಂಡುಕೊಂಡಿತು.

2017ರ ಜೂನ್ 5ರಂದು (ಮತ್ತೆ ಅದೇ ಜೂನ್!) ನೆರೆಯ ರಾಜ್ಯಗಳು ದಿಗ್ಬಂಧನ ಹಾಕಿದವು, ಅವರ ಠೇವಣಿಗಳು ದೋಹಾದ ಬ್ಯಾಂಕುಗಳಿಂದ ಹೊರಟವು. ಮೂಡೀಸ್ ಸಂಸ್ಥೆಯ ಅಂದಾಜಿನಂತೆ ಮೊದಲ ಎರಡೇ ತಿಂಗಳಲ್ಲಿ ಕತಾರ್ ಆರ್ಥಿಕತೆಗೆ ಆಸರೆಯಾಗಿ 3,850 ಕೋಟಿ ಡಾಲರ್ ಸುರಿಯಿತು. ಹೊರದೇಶದ ಕೆಲವು ಎಕ್ಸ್‌ಚೇಂಜ್‌ಗಳು ಕತಾರಿ ನೋಟು ಮುಟ್ಟಲೊಲ್ಲೆವೆಂದಾಗಲೂ ಕೇಂದ್ರ ಬ್ಯಾಂಕ್ 3.64ನ್ನು ಬಿಟ್ಟುಕೊಡಲಿಲ್ಲ.