ಹೆಸರು ಮರೆಮಾಡಿದ ಸೀಸೆಗಳು

ದ್ರಾಕ್ಷಾರಸದ ರುಚಿ ನೋಡುವ ಕೂಟವೊಂದಕ್ಕೆ ನಿಮಗೆ ಕರೆ ಬಂದಿದೆಯೆಂದು ಭಾವಿಸಿಕೊಳ್ಳಿ. ಮೇಜಿನ ಮೇಲೆ ಸಾಲಾಗಿ ಗಾಜಿನ ಲೋಟಗಳು. ಒಂದೊಂದು ಬಗೆಯ ರಸಕ್ಕೂ ಹೊಂದುವಂಥ ಒಂದೊಂದು ತುತ್ತಿನ ತಿನಿಸು. ಈ ತಿನಿಸನ್ನು ಫ್ರೆಂಚರು 'ಕಾನಪೆ' ಎನ್ನುತ್ತಾರೆ. ಆ ಭಾಷೆಯಲ್ಲಿ ಕಾನಪೆ ಎಂದರೆ ಸೋಫಾ. ಸೋಫಾದ ಮೇಲೆ ಅತಿಥಿ ಕುಳಿತಂತೆ ಬ್ರೆಡ್ಡಿನ ಚಿಕ್ಕ ತುಂಡಿನ ಮೇಲೆ ಚೀಸೋ ಮೀನೋ ಕುಳಿತಿರುತ್ತದೆ. ಅದಕ್ಕೇ ಆ ಹೆಸರು.

ಈ ಜೋಡಣೆ ಕೇವಲ ಅಲಂಕಾರವಲ್ಲ. ಸೇಬಿನೊಡನೆ ರುಚಿ ನೋಡಿ ಕೊಳ್ಳಬೇಕು, ಚೀಸಿನೊಡನೆ ರುಚಿ ತೋರಿಸಿ ಮಾರಬೇಕು ಎಂಬುದು ಯುರೋಪಿನ ದ್ರಾಕ್ಷಾರಸದ ವ್ಯಾಪಾರಿಗಳ ಹಳೆಯ ಮಾತು. ಸೇಬು ರಸದ ಕೊರತೆಯನ್ನು ಬಯಲಿಗೆಳೆಯುತ್ತದೆ. ಚೀಸಿನ ಜಿಡ್ಡು ಒಗರನ್ನು ಮೃದುವಾಗಿಸಿ ಕೊರತೆಯನ್ನು ಮುಚ್ಚಿಡುತ್ತದೆ. ಆದ್ದರಿಂದಲೇ ಗುಣನಿರ್ಣಯಕ್ಕೆಂದು ಕುಳಿತವರ ಮುಂದೆ ಬರಿಯ ಬ್ರೆಡ್ಡು, ನೀರು ಮತ್ತು ಉಗುಳಲೊಂದು ಪಾತ್ರೆ ಇರುವುದು ವಾಡಿಕೆ. ಆದರೆ ನಾಲಗೆಯನ್ನು ದಾರಿ ತಪ್ಪಿಸುವುದು ತಿನಿಸು ಮಾತ್ರವೇ? ಸೀಸೆಯ ಮೇಲಿನ ಹೆಸರೂ ತಪ್ಪಿಸಬಹುದಲ್ಲವೇ? ಈ ಪ್ರಶ್ನೆಗೆ 1976ರ ಮೇ 24ರಂದು ಪ್ಯಾರಿಸ್ ನಗರದಲ್ಲಿ ಉತ್ತರ ದೊರೆಯಿತು.

ಅದಕ್ಕೆ ಮೊದಲು ಕ್ಯಾಲಿಫೋರ್ನಿಯದ ಕಥೆಯನ್ನು ತುಸು ನೋಡೋಣ. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿ ದ್ರಾಕ್ಷಿ ಬಳ್ಳಿಗಳನ್ನು ನೆಟ್ಟವರು ಸ್ಪೇನಿನ ಫ್ರಾನ್ಸಿಸ್ಕನ್ ಮಿಷನರಿಗಳು. ಬಲಿಪೂಜೆಗೆ ದ್ರಾಕ್ಷಾರಸ ಬೇಕಿತ್ತು. ಮುಂದೆ 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂದಾಗ ಅಲ್ಲಿನ ದ್ರಾಕ್ಷಾರಸದ ಉದ್ಯಮವು ಬಹುಮಟ್ಟಿಗೆ ನೆಲಕಚ್ಚಿತು. ಆದರೆ ಧಾರ್ಮಿಕ ಬಳಕೆಗೆ ಕಾನೂನು ವಿನಾಯಿತಿ ನೀಡಿತ್ತು. ನಾಪಾ ಕಣಿವೆಯ ಬೋಲ್ಯೂ ಸಂಸ್ಥೆಯಂಥ ಕೆಲವರು ಪೀಠದ ದ್ರಾಕ್ಷಾರಸವನ್ನು ತಯಾರಿಸುತ್ತಲೇ ಬದುಕುಳಿದರು. ಹೀಗೆ ಉಳಿದ ಬೇರು ಮತ್ತೆ ಚಿಗುರಿದರೂ ಫ್ರಾನ್ಸಿನವರ ಕಣ್ಣಿಗೆ ಅದು ಲೆಕ್ಕಕ್ಕೆ ಬರಲಿಲ್ಲ.

ಪ್ಯಾರಿಸ್ಸಿನಲ್ಲಿ ದ್ರಾಕ್ಷಾರಸದ ಅಂಗಡಿಯನ್ನೂ ಶಾಲೆಯನ್ನೂ ನಡೆಸುತ್ತಿದ್ದ ಆಂಗ್ಲ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಮತ್ತು ಅವರ ಅಮೆರಿಕನ್ ಸಹೋದ್ಯೋಗಿ ಪೆಟ್ರೀಷಿಯಾ ಗ್ಯಾಲಗರ್, ಅಮೆರಿಕ ಸ್ವತಂತ್ರವಾಗಿ 200 ವರ್ಷ ತುಂಬುವ ಸಂದರ್ಭದಲ್ಲಿ ಒಂದು ರುಚಿಪರೀಕ್ಷೆಯನ್ನು ಏರ್ಪಡಿಸಿದರು. ತೀರ್ಪುಗಾರರಾದ ಒಂಬತ್ತು ಮಂದಿಯೂ ಫ್ರೆಂಚರು, ತಮ್ಮ ಕ್ಷೇತ್ರದಲ್ಲಿ ಹೆಸರಾದವರು. ಬಿಳಿಯ ಬಗೆಯಲ್ಲಿ ಹತ್ತು, ಕೆಂಪು ಬಗೆಯಲ್ಲಿ ಹತ್ತು. ಪ್ರತಿ ಬಗೆಯಲ್ಲಿಯೂ ಕ್ಯಾಲಿಫೋರ್ನಿಯದವು ಆರು, ಫ್ರಾನ್ಸಿನವು ನಾಲ್ಕು. ಯಾವ ರಸ ಎಲ್ಲಿಯದೆಂದು ತಿಳಿಯದಂತೆ ಹೆಸರುಗಳನ್ನು ಮರೆಮಾಡಲಾಗಿತ್ತು. ಪ್ರತಿಯೊಂದಕ್ಕೂ ಇಪ್ಪತ್ತರಲ್ಲಿ ಅಂಕ.

ಪರೀಕ್ಷೆ ಮುಂದುವರಿದಂತೆ ವಿಚಿತ್ರಗಳು ನಡೆದವು. ನಾಪಾ ಕಣಿವೆಯ ರಸವನ್ನು ಸವಿದ ಒಬ್ಬರು ಕೊನೆಗೂ ಫ್ರಾನ್ಸಿಗೆ ಮರಳಿದೆವೆಂದು ಉದ್ಗರಿಸಿದರು. ಬರ್ಗಂಡಿಯ ಶ್ರೇಷ್ಠ ರಸವೊಂದನ್ನು ಮೂಸಿದ ಇನ್ನೊಬ್ಬರು, ಇದಕ್ಕೆ ಪರಿಮಳವೇ ಇಲ್ಲ, ಖಂಡಿತ ಕ್ಯಾಲಿಫೋರ್ನಿಯದ್ದೇ ಎಂದರು. ಫಲಿತಾಂಶ ಬಂದಾಗ ಬಿಳಿಯ ಬಗೆಯಲ್ಲಿ ಶಾಟೋ ಮಾಂಟೆಲೀನಾ, ಕೆಂಪು ಬಗೆಯಲ್ಲಿ ಸ್ಟ್ಯಾಗ್ಸ್ ಲೀಪ್ ಮೊದಲ ಸ್ಥಾನ ಪಡೆದಿದ್ದವು. ಎರಡೂ 1973ರ ಸುಗ್ಗಿಯವು, ಎರಡೂ ನಾಪಾ ಕಣಿವೆಯವು. ಮೊದಲನೆಯದನ್ನು ತಯಾರಿಸಿದ ಮೈಕ್ ಗರ್ಗಿಚ್ ಯುಗೊಸ್ಲಾವಿಯದಿಂದ ವಲಸೆ ಹೊರಟು 1958ರಲ್ಲಿ ಕ್ಯಾಲಿಫೋರ್ನಿಯ ಸೇರಿದವರು. ಎರಡನೆಯದರ ವಾರನ್ ವಿನಿಯಾರ್ಸ್ಕಿ ಹಿಂದೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ತೀರ್ಪುಗಾರರೊಬ್ಬರು ತಮ್ಮ ಅಂಕಪಟ್ಟಿಯನ್ನು ಹಿಂದಕ್ಕೆ ಕೊಡಿರೆಂದು ಕೇಳಿದರು, ಸ್ಪರಿಯರ್ ಕೊಡಲಿಲ್ಲ.

ಅಂದು ಹಾಜರಿದ್ದ ಏಕೈಕ ಪತ್ರಕರ್ತ, 'ಟೈಮ್' ಪತ್ರಿಕೆಯ ಜಾರ್ಜ್ ಟೇಬರ್. ಅವರ ಚಿಕ್ಕ ವರದಿಯೊಂದೇ ಸುದ್ದಿಯನ್ನು ಲೋಕಕ್ಕೆ ಮುಟ್ಟಿಸಿತು. ನ್ಯಾಯವಾಗಿ ಹೇಳುವುದಾದರೆ ಕೆಂಪು ಬಗೆಯಲ್ಲಿ ಗೆಲುವಿನ ಅಂತರ ಅತ್ಯಲ್ಪ. ಎರಡು, ಮೂರು, ನಾಲ್ಕನೆಯ ಸ್ಥಾನಗಳು ಫ್ರಾನ್ಸಿನ ಪಾಲಾಗಿದ್ದವು. ಕ್ಯಾಲಿಫೋರ್ನಿಯದ ರಸ ಕಾಲ ಕಳೆದಂತೆ ಕಳೆಗುಂದುವುದೆಂದು ಸಮಾಧಾನ ಹೇಳಿಕೊಂಡವರೂ ಇದ್ದರು. ಮೂವತ್ತು ವರ್ಷಗಳ ಬಳಿಕ, 2006ರ ಮೇ 24ರಂದು ಅವೇ ಕೆಂಪು ರಸಗಳನ್ನು ಮತ್ತೆ ಪರೀಕ್ಷಿಸಿದಾಗ ಮೊದಲ ಐದೂ ಸ್ಥಾನಗಳು ಕ್ಯಾಲಿಫೋರ್ನಿಯಕ್ಕೇ ಸಂದವು.

ಓದುಗರೇ, ಆ ಒಂಬತ್ತು ಮಂದಿಯನ್ನು ನೋಡಿ ನಗುವುದು ಸುಲಭ. ಆದರೆ ಅವರ ನಾಲಗೆ ಸುಳ್ಳಾಡಲಿಲ್ಲ; ಉತ್ತಮವಾದುದನ್ನು ಉತ್ತಮವೆಂದೇ ಅದು ಗುರುತಿಸಿತು. ತಪ್ಪಿದ್ದು ಊಹೆ. ಒಳ್ಳೆಯದೆಲ್ಲ ನಮ್ಮೂರಿನದು, ಕಡಿಮೆಯದೆಲ್ಲ ಪರವೂರಿನದು ಎಂಬ ಊಹೆ. ಕಾನಾ ಊರಿನ ಮದುವೆಯಲ್ಲಿಯೂ ಔತಣದ ಮೇಲ್ವಿಚಾರಕನು ರಸವು ಎಲ್ಲಿಂದ ಬಂದಿತೆಂದು ಅರಿಯದೆಯೇ ಅದನ್ನು ಮೆಚ್ಚಿಕೊಂಡನು. ಎಲ್ಲಿಯದೆಂದು ಬಲ್ಲವರು ನೀರು ಹೊತ್ತ ಸೇವಕರು ಮಾತ್ರ. ಅದು ಕೈಕಾಲು ತೊಳೆಯುವ ಬಾನಿಗಳಿಂದ ಬಂದದ್ದೆಂದು ಮೊದಲೇ ತಿಳಿದಿದ್ದರೆ ಅವನು ಅಷ್ಟೇ ಮುಕ್ತವಾಗಿ ಹೊಗಳುತ್ತಿದ್ದನೇ?

ನಮ್ಮ ಮನೆಯ ಬಾಗಿಲಿಗೆ ಬರುವವರ ಊರು, ಕುಲ, ಅಡ್ಡಹೆಸರುಗಳನ್ನು ವಿಚಾರಿಸಿದ ಮೇಲೆಯೇ ನಾವು ಅವರ ಮಾತಿಗೆ ಬೆಲೆ ಕಟ್ಟುತ್ತೇವೆ. ಒಂದು ದಿನದ ಮಟ್ಟಿಗಾದರೂ ಆ ಹೆಸರುಗಳನ್ನು ಮರೆಮಾಡಿ ಕೇಳಿದರೆ, ನಾವು ಯಾರಿಗೆ ಎಷ್ಟು ಅಂಕ ಕೊಟ್ಟೇವು?