ಇದ್ದುದಕ್ಕಿಂತ ಹೆಚ್ಚು ತೆಗೆದವರ ಪಾಡು

ಮಾಗಡಿ ತಾಲ್ಲೂಕಿನ ಕುದೂರು ಹೋಬಳಿ ಬಹುಮಟ್ಟಿಗೆ ಮಳೆಯನ್ನು ನಂಬಿದ ಸೀಮೆ. ಭೈರವನದುರ್ಗದ ಆಸುಪಾಸಿನ ಹೊಲಗಳ ರಾಗಿ, ಅವರೆ ಕಣಕ್ಕೆ ಬರುವುದು ವರ್ಷಕ್ಕೊಮ್ಮೆ. ಬಿತ್ತನೆಯ ಖರ್ಚು, ಮದುವೆ, ಕಾಯಿಲೆ, ಮಕ್ಕಳ ಶಾಲೆ ಮಾತ್ರ ಹನ್ನೆರಡು ತಿಂಗಳೂ ಬಾಗಿಲು ತಟ್ಟುತ್ತವೆ. ನಡುವಿನ ಕೊರತೆಯನ್ನು ತುಂಬಿಕೊಳ್ಳಲು ಇಂಥ ಊರುಗಳಲ್ಲಿ ಹಲವು ದಾರಿಗಳಿವೆ: ಅಂಗಡಿಯಲ್ಲಿ ‘ಬರೆಸುವುದು’, ನೆಂಟರ ಕೈಗಡ, ಸಾಹುಕಾರನ ಪ್ರೋನೋಟು, ಸಹಕಾರ ಸಂಘದ ಬೆಳೆ ಸಾಲ, ವರ್ತಕನಾದರೆ ಬ್ಯಾಂಕಿನ ಓವರ್‌ಡ್ರಾಫ್ಟು. ಹೆಸರು ಬೇರೆಯಾದರೂ ವಿಷಯ ಒಂದೇ. ತನ್ನ ಲೆಕ್ಕದಲ್ಲಿ ಇದ್ದುದಕ್ಕಿಂತ ಹೆಚ್ಚು ತೆಗೆಯುವುದು. ತೆಗೆದದ್ದನ್ನು ತುಂಬದೆ ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಮಾತ್ರ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ.

ಬ್ಯಾಂಕುಗಳ ಚರಿತ್ರೆಯಲ್ಲಿ ಓವರ್‌ಡ್ರಾಫ್ಟು ಹುಟ್ಟಿದ್ದು 1728ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಆಗಷ್ಟೇ ಒಂದು ವರ್ಷದ ಕೂಸಾಗಿದ್ದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ವಿಲಿಯಂ ಹಾಗ್ ಎಂಬ ವರ್ತಕನಿಗೆ ಖಾತೆಯಲ್ಲಿದ್ದುದಕ್ಕಿಂತ 1,000 ಪೌಂಡು ಹೆಚ್ಚು ತೆಗೆಯಲು ಒಪ್ಪಿತು. ಸರಕು ಕೊಳ್ಳುವುದು ಮೊದಲು, ಮಾರಿದ ಹಣ ಬರುವುದು ಆಮೇಲೆ ಎಂಬ ವ್ಯಾಪಾರಿಯ ಕಷ್ಟವನ್ನು ಬ್ಯಾಂಕು ಅರ್ಥಮಾಡಿಕೊಂಡಿತ್ತು. (ಅದೇ 1728ರಲ್ಲಿ ಮೈಸೂರಿನ ದಳವಾಯಿ ದೇವರಾಜ ಮಾಗಡಿ, ಸಾವನದುರ್ಗಗಳನ್ನು ಹಿಡಿದು ಕೆಂಪೇಗೌಡರ ವಂಶದ ಆಳ್ವಿಕೆಯನ್ನು ಮುಗಿಸಿದ. ಎರಡಕ್ಕೂ ಸಂಬಂಧವಿಲ್ಲ, ವರ್ಷ ನೆನಪಿಡಲು ಅನುಕೂಲ, ಅಷ್ಟೆ.)

ಸಾಲ ತೀರಿಸದವನನ್ನು ಏನು ಮಾಡಬೇಕು ಎಂಬ ಚಿಂತನೆ ಕನ್ನಡ ನಾಡಿನಲ್ಲಿ ಇದಕ್ಕಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ ಮುಂದೆ ಭಾರತದ ಬಹುಭಾಗಕ್ಕೆ ಹಿಂದೂ ಕಾನೂನಿನ ಆಧಾರವಾಯಿತು. ಅದರಲ್ಲಿ ಸಾಲದ ವ್ಯವಹಾರಕ್ಕೆ ‘ಋಣಾದಾನ’ ಎಂಬ ಪ್ರಕರಣವೇ ಇದೆ. ಅಡವಿಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಭಾಗ ಬಡ್ಡಿ, ಅಂದರೆ ವರ್ಷಕ್ಕೆ ನೂರಕ್ಕೆ ಹದಿನೈದು. ಬಡ್ಡಿಗೆ ಒಂದು ಮೇರೆಯೂ ಇತ್ತು. ಚಿನ್ನದ ಸಾಲ ಎರಡರಷ್ಟಾದ ಮೇಲೆ ಬೆಳೆಯಬಾರದು. ಧಾನ್ಯ ಮೂರರಷ್ಟು, ಬಟ್ಟೆ ನಾಲ್ಕರಷ್ಟು. ಬಡ್ಡಿ ಅಸಲನ್ನು ಮೀರಬಾರದೆಂಬ ಈ ಬಗೆಯ ನಿಯಮವೇ ಮುಂದೆ ‘ದಾಮದುಪ್ಪಟ್’ ಎಂಬ ಹೆಸರಿನಲ್ಲಿ ಮುಂಬಯಿ ಪ್ರಾಂತದ ಕೋರ್ಟುಗಳಲ್ಲೂ ನಡೆಯಿತು. ಆದರೆ ಹೊಸ ಪತ್ರ ಬರೆಸಿಕೊಂಡು ಬಡ್ಡಿಯನ್ನು ಅಸಲಿಗೆ ಸೇರಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು. ಆ ಕಿಂಡಿಯನ್ನು ಸಾಹುಕಾರರು ಮರೆತವರಲ್ಲ.

ಕರುಣೆಯ ಜೊತೆಗೆ ಕ್ರೌರ್ಯವೂ ಅಲ್ಲೇ ಇದೆ. ಕೊಡಲು ಏನೂ ಉಳಿಯದ ಸಾಲಗಾರ ಕೆಳಜಾತಿಯವನಾದರೆ ಸಾಲ ತೀರುವವರೆಗೆ ಅವನಿಂದ ದುಡಿಸಿಕೊಳ್ಳಬಹುದು. ಬ್ರಾಹ್ಮಣನಾದರೆ ಆದಾಯ ಬಂದ ಹಾಗೆ ನಿಧಾನವಾಗಿ ಕಟ್ಟಿದರೆ ಸಾಕು. ಒಂದೇ ಸುಸ್ತಿ, ಎರಡು ನ್ಯಾಯ. ಹಳ್ಳಿಗಳಲ್ಲಿ ನಮ್ಮ ಕಾಲದವರೆಗೂ ಉಳಿದ ಜೀತ ಈ ಒಂದು ಶ್ಲೋಕದಿಂದಲೇ ಹುಟ್ಟಿತೆನ್ನುವುದು ಅತಿಯಾದೀತು. ಆದರೆ ಅದರ ತರ್ಕ ಬೇರೆಯಲ್ಲ. ಜೀತದಾಳಿನ ದುಡಿಮೆ ಬಡ್ಡಿಗೆ ಸರಿಹೋಗುತ್ತಿತ್ತು, ಅಸಲು ಹಾಗೇ ನಿಲ್ಲುತ್ತಿತ್ತು, ಅಪ್ಪನ ಜಾಗಕ್ಕೆ ಮಗ ಬರುತ್ತಿದ್ದ. ಖಾತೆ ಎಂದೂ ಮುಗಿಯದ ಹಾಗೆ ಬರೆದ ಲೆಕ್ಕ ಅದು. ಆ ಪುಸ್ತಕ ಇರುತ್ತಿದ್ದುದು ಧಣಿಯ ಮನೆಯಲ್ಲಿ, ಓದುಬರಹ ಬರುತ್ತಿದ್ದುದೂ ಹೆಚ್ಚಾಗಿ ಅವನಿಗೇ.

1975ರ ಅಕ್ಟೋಬರಿನ ಸುಗ್ರೀವಾಜ್ಞೆ ಮತ್ತು 1976ರ ಕೇಂದ್ರ ಕಾಯ್ದೆ ಜೀತವನ್ನು ರದ್ದುಮಾಡಿದವು. ದೇವರಾಜ ಅರಸು ಸರ್ಕಾರ 1976ರಲ್ಲಿ ತಂದ ಋಣ ಪರಿಹಾರ ಕಾಯ್ದೆ ಸಣ್ಣ ರೈತರು, ಭೂಹೀನ ಕೂಲಿಕಾರರು ಮತ್ತು ದುರ್ಬಲ ವರ್ಗದವರ ಸಾಲಗಳನ್ನು ತೊಡೆದುಹಾಕಿತು. ಅಡವಿಟ್ಟ ಒಡವೆ, ಪಾತ್ರೆಗಳನ್ನು ಹಿಂದಿರುಗಿಸಬೇಕೆಂದಿತು. ಆದರೆ ಅದು ಸಾಹುಕಾರನ ಸಾಲಕ್ಕೆ ಮಾತ್ರ. ಬ್ಯಾಂಕು, ಸಹಕಾರ ಸಂಘ ಮತ್ತು ಸರ್ಕಾರದ ಬಾಕಿ ಆ ಕಾಯ್ದೆಯ ಹೊರಗಿತ್ತು.

ಸಹಕಾರ ಸಂಘಗಳು ಹುಟ್ಟಿದ್ದೇ ಸಾಹುಕಾರನಿಂದ ಬಿಡಿಸಲು. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದ ಸಂಘ ಆರಂಭವಾದುದು 1905ರಲ್ಲಿ. ಮೈಸೂರು ಸಂಸ್ಥಾನ ಸಹಕಾರ ಕಾನೂನು ಮಾಡಿದ್ದೂ ಅದೇ ವರ್ಷ. ಮೈಸೂರು ಬ್ಯಾಂಕ್ ಬಂದದ್ದು 1913ರಲ್ಲಿ. ಸಾಹುಕಾರನಿಗೆ ಮನೆಯ ಮುಂದೆ ನಿಂತು ಕೂಗಾಡುವ ಅಭ್ಯಾಸವಿತ್ತು. ಬ್ಯಾಂಕಿಗೆ ಅದಿಲ್ಲ, ಅದರ ಬಳಿ ಕಾಗದವಿದೆ. ಒಂದು ಖಾತೆಯ ಬಾಕಿಗೆ ಅದೇ ಗಿರಾಕಿಯ ಇನ್ನೊಂದು ಖಾತೆಯ ಹಣವನ್ನು ಮುರಿದುಕೊಳ್ಳುವ ಹಕ್ಕು ಅದಕ್ಕುಂಟು. ಬಡ್ಡಿ ಅತಿಯಾಯಿತೆಂಬ ಕಾರಣಕ್ಕೆ ಕೋರ್ಟು ಬ್ಯಾಂಕಿನ ಲೆಕ್ಕವನ್ನು ಮತ್ತೆ ತೆರೆಯುವಂತಿಲ್ಲ ಎಂಬ ಕಲಮು 1984ರಲ್ಲಿ ಬ್ಯಾಂಕಿಂಗ್ ಕಾಯ್ದೆಗೆ ಸೇರಿತು. ಎರಡರಷ್ಟಾದ ಮೇಲೆ ನಿಲ್ಲು ಎಂದಿದ್ದ ಹಳೆಯ ಮೇರೆ ಬ್ಯಾಂಕಿನ ಬಾಗಿಲಲ್ಲಿ ಕೆಲಸಕ್ಕೆ ಬಾರದಾಯಿತು. ರೈತನಿಗೆ ಸಿಕ್ಕ ಒಂದು ನೆಮ್ಮದಿಯೆಂದರೆ, ಬೇಸಾಯದ ಸಾಲಕ್ಕೆ ಮೂರು ಅಥವಾ ಆರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕಬಾರದೆಂದು ಕರ್ನಾಟಕದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ್ದು. ಬೆಳೆ ಬರುವುದು ವರ್ಷಕ್ಕೊಮ್ಮೆ ಎಂಬುದು ದೆಹಲಿಯವರೆಗೆ ತಲುಪಿತ್ತು.

ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಬರೆಯುವುದು 1989ರ ಏಪ್ರಿಲ್ 1ರಿಂದ ಅಪರಾಧವೇ ಆಯಿತು. ಈಗ ಅದಕ್ಕೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ದ್ವಿಗುಣದ ಮೋಹ ನಮ್ಮ ಕಾನೂನನ್ನು ಬಿಟ್ಟಿಲ್ಲ! ಓವರ್‌ಡ್ರಾಫ್ಟಿನ ಬಾಕಿ 90 ದಿನ ಸರಿಯಾಗದಿದ್ದರೆ ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಮುಂದಿನ ಸಾಲ ಕೇಳಲು ಹೋದಾಗ ಆ ಹಳೆಯ ಗೆರೆ ಕಂಪ್ಯೂಟರಿನಲ್ಲಿ ಎದ್ದು ನಿಲ್ಲುತ್ತದೆ. ಇದರ ನಡುವೆ ಬಡವರ ಖಾತೆ ತಾನು ತೆಗೆಯದ ಹಣಕ್ಕೂ ಸಾಲಗಾರನಾಗುವ ವಿಚಿತ್ರವಿತ್ತು. ಕನಿಷ್ಠ ಮೊತ್ತ ಇಡದುದಕ್ಕೆ ದಂಡ ಮುರಿಯುತ್ತ ಹೋಗಿ ಉಳಿತಾಯ ಖಾತೆಯೇ ಸೊನ್ನೆಯ ಕೆಳಗೆ ಇಳಿಯುತ್ತಿತ್ತು. ಹಾಗೆ ಇಳಿಸಕೂಡದೆಂದು ರಿಸರ್ವ್ ಬ್ಯಾಂಕ್ 2014ರ ನವೆಂಬರಿನಲ್ಲಿ ಆದೇಶಿಸಿತು. ಅದು ಜಾರಿಗೆ ಬಂದದ್ದು 2015ರ ಏಪ್ರಿಲ್‌ನಿಂದ. ಜನಧನ ಖಾತೆಗಳಿಗೆ ಕೊಟ್ಟ ಓವರ್‌ಡ್ರಾಫ್ಟಿನ ಮಿತಿ 2018ರಲ್ಲಿ 5,000ದಿಂದ 10,000 ರೂಪಾಯಿಗೆ ಏರಿತು. ಇಷ್ಟಾದರೂ ಸಣ್ಣ ಸಾಲದ ವಸೂಲಿಗಾರರ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಮತ್ತೊಂದು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಇನ್ನು ಮಕ್ಕಳ ಮಾತು. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂದ ಮಿತಾಕ್ಷರಾ, ಕುಡಿತಕ್ಕೆ, ಜೂಜಿಗೆ, ಹೆಣ್ಣಿನ ಚಟಕ್ಕೆ ಮಾಡಿದ ಸಾಲಕ್ಕೆ ಅವನನ್ನು ಹೊಣೆ ಮಾಡಲಿಲ್ಲ. ಮೊಮ್ಮಗ ಬಡ್ಡಿಯಿಲ್ಲದೆ ಅಸಲು ಕೊಟ್ಟರೆ ಸಾಕೆಂದಿತು. ಬ್ರಿಟಿಷರ ಕಾಲದ ಕೋರ್ಟುಗಳು ಈ ಹೊಣೆಯನ್ನು ಪಿತ್ರಾರ್ಜಿತ ಆಸ್ತಿಯ ಮಟ್ಟಕ್ಕೆ ಸೀಮಿತಗೊಳಿಸಿದವು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಅದೇ ಕಾನೂನು, ಧರ್ಮಋಣದ ಹೆಸರಿನಲ್ಲಿ ಮಗ, ಮೊಮ್ಮಗ, ಮರಿಮಗನ ಮೇಲೆ ದಾವೆ ಹೂಡುವುದನ್ನು ನಿಲ್ಲಿಸಿತು. ಆ ದಿನಕ್ಕೆ ಮೊದಲು ಅಪ್ಪ ಮಾಡಿಟ್ಟ ಸಾಲಕ್ಕೆ ಮಾತ್ರ ಹಳೆಯ ನಿಯಮವೇ ಅನ್ವಯಿಸುತ್ತದೆ.